ನನ್ನ ಕೈಯೇ ವಾರಂಟಿ ಅಂದವರು

ನನಗೆ ಬೆರಗಾಗುವ ಚಟವಿದೆ. ಇದಕ್ಕೆ ಚಟ ಎಂದು ಹೆಸರಿಟ್ಟವರು ನನ್ನ ಯಜಮಾನರು. ಕಡೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಊರಿನ ಅರ್ಧ ಹೆಂಗಸರಿಗೆ ಬ್ಲೌಸ್ ಹೊಲಿದು ಕೊಟ್ಟಿದ್ದೇನೆ. ಆದರೂ ಮಿಷನ್ನಿನ ಮೇಲಿನ ದಾರ ಕೆಳಗಿನ ದಾರವನ್ನು ಹುಡುಕಿಕೊಂಡು ಹೋಗಿ ಹಿಡಿದು ತರುವುದನ್ನು ಕಂಡರೆ ಇವತ್ತಿಗೂ ಕಾಲು ನಿಲ್ಲಿಸಿ ನೋಡುತ್ತೇನೆ. "ಬಾಯ್ ಮುಚ್ಕೊಳ್ಳೇ, ನೊಣ ಹೋದಾತು" ಎನ್ನುತ್ತಾರೆ ಇವರು. ನಾನೇನು ಸುಮ್ಮನಿರುವವಳೇ? "ಹೋದ್ರೆ ಹೋಗ್ಲಿ ಬಿಡ್ರಿ, ನಿಮ್ಮಪ್ಪನ ಮನೆ ನೊಣ ಅಲ್ವಲ್ಲ" ಎನ್ನುತ್ತೇನೆ.

ಹಾಗಾಗಿ ಕಾರಿನ ಸರ್ವಿಸ್ ಸೆಂಟರಿನ ಹುಡುಗಿ ಫೋನ್ ಮಾಡಿ, "ನಿಮ್ಮ ಗಾಡಿ ವಾರಂಟಿ ಈ ತಿಂಗಳ ಕೊನೆಗೆ ಮುಗಿಯುತ್ತೆ ಮೇಡಂ, ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡ್ರೆ ಇನ್ನೂ ಎರಡು ವರ್ಷ ನಿಮಗೆ ಯೋಚನೆನೇ ಇರಲ್ಲ" ಎಂದಾಗ ನನಗೆ ಮೊದಲು ಬಂದದ್ದು ಲೆಕ್ಕಾಚಾರವಲ್ಲ, ಬೆರಗು. ಎರಡು ವರ್ಷ ಯೋಚನೆಯೇ ಇರುವುದಿಲ್ಲವಂತೆ! ಮಳೆಯ ವಿಷಯ ಕೇಳಿದರೆ ಟಿವಿಯವರು 'ಸಾಧ್ಯತೆ ಇದೆ' ಎಂದು ಜಾರಿಕೊಳ್ಳುತ್ತಾರೆ. ಜಾತಕ ನೋಡುವವರು 'ಗುರುಬಲ ಕೂಡಿ ಬಂದರೆ' ಎನ್ನುತ್ತಾರೆ. ಈ ಹುಡುಗಿ ನೋಡಿದರೆ, ನಾನು ಒಂದು ಸಲವೂ ಕಣ್ಣಿಂದ ಕಾಣದ ಗೇರ್‌ಬಾಕ್ಸಿನ ಮುಂದಿನ ಎರಡು ವರ್ಷದ ಬಾಳಿಗೆ ಬರೆದು ಸೀಲು ಹಾಕಿ ಕೊಡುತ್ತೇನೆ ಎನ್ನುತ್ತಿದ್ದಾಳೆ. ಮನುಷ್ಯರು ಮನುಷ್ಯರಿಗೆ ಇಂಥ ಮಾತನ್ನೂ ಕೊಡುತ್ತಾರಲ್ಲ ಎಂದು ಫೋನ್ ಹಿಡಿದುಕೊಂಡೇ ನಿಂತುಬಿಟ್ಟೆ.

"ಯಾರದೇ ಫೋನು?" ಎಂದರು ಇವರು. ಹೇಳಿದೆ. "ನೋಡೋಣ" ಎಂದರು.

ನೋಡೋಣ! ಈ ಮಾತನ್ನು ನಾನು ಇವರ ಬಾಯಲ್ಲಿ ಕೇಳಿದ್ದೇ ಅಪರೂಪ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಎದುರಿಂದ ಲಾರಿ ಬರುತ್ತಿರುವಾಗ ನೋಡೋಣ ಎಂದರೆ ನಡೆಯುತ್ತದೆಯೇ? ಹೌದೋ ಅಲ್ಲವೋ, ಎರಡರಲ್ಲಿ ಒಂದನ್ನು ತಟ್ಟನೆ ಹೇಳಿ ಅಭ್ಯಾಸ. ಈ ಕಾರು ಕೊಂಡ ದಿನ ಶೋರೂಮಿನವನು ಇದೇ ಎಕ್ಸ್‌ಟೆಂಡೆಡ್ ವಾರಂಟಿಯ ಮಾತೆತ್ತಿದ್ದ. ಆಗ ಇವರು ಎರಡೂ ಅಂಗೈಯನ್ನು ಮೇಜಿನ ಮೇಲೆ ಮಲಗಿಸಿ, "ನನ್ನ ಕೈಯೇ ವಾರಂಟಿ ಕಣಪ್ಪಾ" ಎಂದಿದ್ದರು. ಸ್ಟೀರಿಂಗ್ ಹಿಡಿದು ಹಿಡಿದು ದಡ್ಡುಗಟ್ಟಿದ ಅಂಗೈ. ಅವನು ನಕ್ಕ. ನಾನು ನಗಲಿಲ್ಲ, ಅದು ನಿಜವೆಂದು ನನಗೆ ಗೊತ್ತಿತ್ತು.

ಕಡೂರು, ಬೀರೂರು, ಅಜ್ಜಂಪುರ, ತರೀಕೆರೆ, ತಿರುಗಿ ಕಡೂರು. ಇವರ ಸರ್ವೀಸಿನ ಬಹುಪಾಲು ಈ ಸುತ್ತಿನಲ್ಲೇ ಕಳೆಯಿತು. ಮದುವೆಯಾದ ಹೊಸದರಲ್ಲಿ ಒಮ್ಮೆ ಇವರ ಬಸ್ಸಿನಲ್ಲೇ ತವರಿಗೆ ಹೋಗುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಕೈಯಲ್ಲಿ ಮುಚ್ಚಳವಿಲ್ಲದ ಮಜ್ಜಿಗೆ ಪಾತ್ರೆ ಇತ್ತು, ಯಾರದೋ ಮನೆಯ ಊಟಕ್ಕೆ ಒಯ್ಯುತ್ತಿದ್ದಳು. ಆಕೆ ಇಳಿಯುವ ತನಕ ನಾನು ಆ ಪಾತ್ರೆಯನ್ನೇ ನೋಡುತ್ತಾ ಕೂತಿದ್ದೆ. ಒಂದು ಹನಿ ಚೆಲ್ಲಲಿಲ್ಲ. ರಸ್ತೆ ಹೇಗಿತ್ತು ಎಂದು ಆಗಿನ ಕಾಲದವರನ್ನು ಕೇಳಿ ನೋಡಿ. ಅವತ್ತು ನಾನು ಕಟ್ಟಿಕೊಂಡವರು ಯಾರು ಎಂದು ನನಗೆ ಗೊತ್ತಾಯಿತು.

ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ತಟ್ಟುವ ಭಾಷೆ. ಆಗೆಲ್ಲ ಬಸ್ಸು ಹಿಂದಕ್ಕೆ ಬರಬೇಕಾದರೆ ಕಂಡಕ್ಟರ್ ಕೆಳಗಿಳಿದು ಹಿಂಬದಿಯ ತಗಡನ್ನು ತಟ್ಟುತ್ತಾ ನಡೆಯುತ್ತಿದ್ದ. ಸದ್ದು ಬರುತ್ತಿರುವ ತನಕ ಬಸ್ಸು ಹಿಂದೆ ಬರಬಹುದು. ಒಂದೇ ಒಂದು ಜೋರು ಏಟು ಬಿದ್ದರೆ ನಿಲ್ಲಬೇಕು. ಎರಡು ಬಿದ್ದರೆ ಮುಂದಕ್ಕೆ ಹೊರಡಬೇಕು. ಜನ ತುಂಬಿದ ಬಸ್ಸನ್ನು ಚರಂಡಿಯ ಅಂಚಿನ ತನಕ ಹೀಗೆ ಬರೀ ಸದ್ದಿನ ಮೇಲೆ ತರುತ್ತಿದ್ದರು. "ಭಯ ಆಗಲ್ವೇನ್ರೀ?" ಎಂದು ಕೇಳಿದ್ದೆ. "ಹಿಂದೆ ನೋಡೋದು ನನ್ನ ಕೆಲಸ ಅಲ್ಲ ಕಣೇ, ತಟ್ಟೋ ಕೈನ ನಂಬೋದು ನನ್ನ ಕೆಲಸ" ಎಂದಿದ್ದರು. ಈ ಭಾಷೆ ನಮ್ಮ ಮನೆಯೊಳಗೂ ಬಂತು. ಬುತ್ತಿ ಡಬ್ಬಿಯ ಮುಚ್ಚಳವನ್ನು ನಾನು ಎರಡು ಸಲ ತಟ್ಟಿದರೆ ಊಟ ಸಿದ್ಧ, ಹೊರಡಿ ಎಂದರ್ಥ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮದು ಇಟ್ಟಿಗೆ ಬಣ್ಣದ ಸಣ್ಣ ಕಾರು, ಇವರು ರಿಟೈರ್ ಆದ ಮೇಲೆ ಬಂದದ್ದು. ಮೊದಲ ಪೂಜೆಗೆ ಅಮೃತಾಪುರದ ದೇವಸ್ಥಾನಕ್ಕೆ ಹೋಗಿದ್ದೆವು. ಅಲ್ಲಿಯ ಕಡೆದ ಕಂಬಗಳ ಮೇಲೆ ಇವರು ಅಂಗೈ ಆಡಿಸುತ್ತಾ, "ಹೆಂಗ್ ತಿರುಗ್ಸಿದಾರೆ ನೋಡೇ, ಕಲ್ಲಿನ ಕ್ರ್ಯಾಂಕ್‌ಶಾಫ್ಟು" ಎಂದರು. ಅದು ಇಂಜಿನ್ನಿನೊಳಗೆ ತಿರುಗುವ ದಂಡವಂತೆ. ಅವತ್ತು ಬಾಯಿ ತೆರೆದುಕೊಂಡು ನಿಂತವರು ಅವರು. ನಾನು ನೊಣದ ಮಾತೆತ್ತಿದ್ದಕ್ಕೆ ಹಣೆಯ ವಿಭೂತಿ ಉದುರುವಂತೆ ನಕ್ಕರು. 

ಆ ಕಂಬಗಳನ್ನು ಹಾಗೆ ನೋಡಿದ್ದ ಅದೇ ಕಣ್ಣು ಆಮೇಲೆ ಕೈಕೊಟ್ಟಿತು.

ಶಿವಮೊಗ್ಗದ ಒಂದು ಕಣ್ಣಾಸ್ಪತ್ರೆಗೆ ಹೋಗಿದ್ದೆವು, ಕನ್ನಡಕ ಬದಲಾಯಿಸಲು ಎಂದುಕೊಂಡು. ಅಲ್ಲೊಂದು ಯಂತ್ರ, ಬಿಳಿಯ ಬೋಗುಣಿಯನ್ನು ಅಡ್ಡ ನಿಲ್ಲಿಸಿದ ಹಾಗೆ. ಅದರ ಅಂಚಿಗೆ ಗದ್ದ ಊರಿ ನೇರ ನೋಡುತ್ತಾ ಕೂರಬೇಕು. ಬೋಗುಣಿಯೊಳಗೆ ಅಲ್ಲಿ ಇಲ್ಲಿ ಸಾಸಿವೆ ಕಾಳಿನಷ್ಟು ಬೆಳಕು ಮೂಡಿ ಆರುತ್ತದೆ, ಕಂಡ ಕೂಡಲೇ ಕೈಯಲ್ಲಿರುವ ಗುಂಡಿ ಒತ್ತಬೇಕು. ಕಾಣುವುದನ್ನು ಅಳೆಯುವ ಯಂತ್ರವೂ ಇದೆಯಲ್ಲ ಎಂದು ನಾನು ಮೂಲೆಯ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದೆ. ಟಿಕ್, ಟಿಕ್ ಎಂದು ಇವರು ಗುಂಡಿ ಒತ್ತುವ ಸದ್ದು ಬರುತ್ತಿತ್ತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ ಟಿಕ್. ಆ ಸುಮ್ಮನಿದ್ದ ಹೊತ್ತಿನಲ್ಲೂ ಬೋಗುಣಿಯಲ್ಲಿ ಬೆಳಕು ಮೂಡುತ್ತಲೇ ಇತ್ತು ಎಂದು ನನಗೆ ಗೊತ್ತಾದದ್ದು ಡಾಕ್ಟರು ಹೇಳಿದ ಮೇಲೆ.

ಗ್ಲೂಕೋಮ ಎಂದರು. ನೇರಕ್ಕೆ ಚೆನ್ನಾಗಿ ಕಾಣುತ್ತದೆ, ಎರಡು ಪಕ್ಕದ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಡ್ರಾಪ್ಸ್ ಹಾಕಬೇಕು. "ಸ್ಟೀರಿಂಗ್ ಮಾತ್ರ ಬಿಟ್ಟುಬಿಡಿ" ಎಂದರು ಡಾಕ್ಟರು. ಇವರು "ಹ್ಞೂಂ" ಎಂದರು. ಕಣ್ಣಿಗೆ ಔಷಧಿ ಬಿಡುತ್ತಾರೆಂದು ಅವತ್ತು ಬಸ್ಸಿನಲ್ಲೇ ಹೋಗಿದ್ದೆವು. ವಾಪಸ್ ಬರುವಾಗ ಇವರು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಆತ ಬ್ರೇಕ್ ತುಳಿದಾಗಲೆಲ್ಲ ತಾವೂ ಬಲಗಾಲನ್ನು ನೆಲಕ್ಕೆ ಒತ್ತುತ್ತಿದ್ದರು. ನಾನು ಕಿಟಕಿ ಕಡೆ ತಿರುಗಿ ಕೂತೆ, ಅಳು ಬಂದಿತ್ತು.

ಬಾಯಲ್ಲಿ ಹ್ಞೂಂ ಎಂದವರು ಕೈಯಲ್ಲಿ ಬಿಡಲಿಲ್ಲ. ಪೇಟೆಗೆ, ತೋಟದ ಸ್ನೇಹಿತರ ಮನೆಗೆ, ಗೊತ್ತಿರುವ ದಾರಿ ಎಂದು ಹೋಗುತ್ತಲೇ ಇದ್ದರು. ನಾನು ಜಗಳವಾಡಿದೆ. ಕೀಯನ್ನು ರಾಗಿ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ. ಮಾರನೆಯ ದಿನ ನೋಡಿದರೆ ಡಬ್ಬಿ ಹಾಗೇ ಇದೆ, ಕಾರು ಇಲ್ಲ. ಎರಡನೆಯ ಕೀಯೊಂದು ಇರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಬಂದದ್ದು ಆ ಫೋನು. ಹುಡುಗಿ ಕೇಳಿದ್ದು ಗಾಡಿಯ ವಿಷಯ, ನಮ್ಮ ಮನೆಯಲ್ಲಿ ಅದು ಇವರ ಕೈಯ ವಿಷಯ. ವಾರಂಟಿ ಬೇಕು ಎಂದರೆ ತನ್ನ ಕೈ ಇನ್ನು ಸಾಲದು ಎಂದು ಇವರು ಒಪ್ಪಿಕೊಂಡಂತೆ. ಬೇಡ ಎಂದರೆ ಆ ಕಣ್ಣಿಟ್ಟುಕೊಂಡೇ ಓಡಿಸುತ್ತೇನೆ ಎಂದು ಹಟ ಹಿಡಿದಂತೆ. ಮೂರನೆಯ ದಾರಿಯನ್ನು ಒಂದು ಸಂಜೆ ಅವರೇ ತೆಗೆದರು, ಗೋಡೆಗೆ ಮುಖ ಮಾಡಿ ಮಲಗಿ. "ಮಾರಿಬಿಡೋಣ್ವೇನೇ? ವಾರಂಟಿ ಇರೋವಾಗ್ಲೇ ಮಾರಿದ್ರೆ ಗಾಡಿಗೂ ಮರ್ಯಾದೆ." ನಾನು ಕೈಯಲ್ಲಿದ್ದ ಬ್ಲೌಸಿಗೆ ಹುಕ್ಕು ಹಾಕುತ್ತಾ ಕೂತೆ. ಒತ್ತಿ ಕೇಳಿದರೆ ಹೌದು ಎನ್ನುತ್ತಾಳೆ ಎಂದು ಅವರಿಗೂ ಭಯವಿತ್ತೋ ಏನೋ, ಮತ್ತೆ ಕೇಳಲಿಲ್ಲ.

ನನ್ನ ಹತ್ತಿರವೂ ಲೈಸೆನ್ಸ್ ಇದೆ, ಹೇಳುವುದು ಮರೆತೆ. ಕಾರು ಬಂದ ಹೊಸದರಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತಿದ್ದೆ. ಆದರೆ ಇವರು ಪಕ್ಕದಲ್ಲಿ ಕೂತರೆ ಮುಗಿಯಿತು. "ಕ್ಲಚ್ ಮೇಲೆ ಕಾಲ್ ಯಾಕೆ ಮಲಗೈತೆ? ಗೇರ್ ಅಳ್ತಾ ಐತೆ, ಕೇಳ್ಸಲ್ವಾ?" ಒಂದೇ ಸಮನೆ. ಒಂದು ದಿನ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಇಳಿದು, ಮನೆಗೆ ನಡೆದುಕೊಂಡು ಬಂದುಬಿಟ್ಟೆ. ಆಮೇಲೆ ಆ ಲೈಸೆನ್ಸ್ ಗುಂಡಿ, ಹುಕ್ಕುಗಳ ಡಬ್ಬಿ ಸೇರಿತು. 

ವಾರಂಟಿ ಕೊಡುವ ಮುಂಚೆ ಗಾಡಿಯನ್ನು ತಪಾಸಣೆ ಮಾಡಬೇಕಂತೆ, ತಂದು ತೋರಿಸಿ ಎಂದರು ಸರ್ವಿಸ್ ಸೆಂಟರಿನವರು. ಅಷ್ಟರಲ್ಲಿ ಇವರ ಅಕ್ಕ ಅಜ್ಜಂಪುರದಿಂದ ಬಂದಿಳಿದರು. ಮಾರನೆಯ ದಿನ ಯಗಟಿಯಲ್ಲಿ ನೆಂಟರ ಮಗುವಿಗೆ ಹೆಸರಿಡುವುದಿತ್ತು. ಅಕ್ಕನಿಗೆ ತಮ್ಮನ ಕಣ್ಣಿನ ವಿಷಯ ಗೊತ್ತಿಲ್ಲ. ಹೇಳಕೂಡದು ಎಂದು ಇವರು ನನ್ನ ಬಾಯಿಗೆ ಬೀಗ ಹಾಕಿದ್ದರು. ನಮ್ಮ ಬೀದಿ ದಾಟಿದರೆ ಸರ್ವಿಸ್ ಸೆಂಟರು. ಮೂವರೂ ಹೋದೆವು.

ಕಾರನ್ನು ಲಿಫ್ಟಿನ ಮೇಲಿಟ್ಟು ಎತ್ತಿದರು. ಒಳಗೆ ಬರಬಾರದು ಎಂದು ಬೋರ್ಡು ಬರೆದಿತ್ತು. ಅಕ್ಕ ಅದರ ಕೆಳಗೇ ನಡೆದು ಒಳಗೆ ಹೋದರು, ಹಿಂದೆ ನಾನು. ನಮ್ಮದೇ ಗಾಡಿಯ ಹೊಟ್ಟೆಯನ್ನು ನಾನು ಕಂಡದ್ದು ಅವತ್ತೇ ಮೊದಲು. ಕೊಳವೆಗಳು, ಸರಳುಗಳು, ಎಲ್ಲದರ ಮೇಲೂ ಮಣ್ಣು. ಯಗಟಿ ಕಡೆಯ ಕೆಂಪು, ಅಜ್ಜಂಪುರದ ಕರಿ ಎರೆಮಣ್ಣು, ತರೀಕೆರೆ ಕಡೆಯ ಜಿಗುಟು, ಒಂದರ ಮೇಲೊಂದು ಕೂತು ಗಟ್ಟಿಯಾಗಿವೆ. ಹೆಬ್ಬೆ ಜಲಪಾತಕ್ಕೆಂದು ಕೆಮ್ಮಣ್ಣುಗುಂಡಿಯ ತನಕ ಹೋಗಿದ್ದಾಗ ಸಿಕ್ಕಿಕೊಂಡಿದ್ದ ಒಂದು ಒಣ ಕಡ್ಡಿಯೂ ಅಲ್ಲೇ ಇತ್ತು. ನಾವು ಹೋದ ಕಡೆಯದೆಲ್ಲ ಈ ಗಾಡಿ ನಮಗೆ ಹೇಳದೆ ಹೊಟ್ಟೆಗೆ ಕಟ್ಟಿಕೊಂಡು ತಿರುಗುತ್ತಿತ್ತು. ಕತ್ತು ನೋಯುವ ತನಕ ನೋಡಿದೆ. ಅಕ್ಕ ಮಾತ್ರ, "ಕೆರೇಲಿ ಎಮ್ಮೆ ತೊಳ್ದಂಗೆ ಒಂದ್ಸಲ ತೊಳೀಬಾರ್ದೇನೋ" ಎಂದು ತಮ್ಮನನ್ನು ಗದರಿದರು.

ಆಮೇಲೆ ಹುಡುಗಿ ನಮ್ಮನ್ನು ಮೇಜಿನ ಮುಂದೆ ಕೂರಿಸಿ ಏನೇನು ಕೆಟ್ಟರೆ ಕಂಪನಿ ಸರಿ ಮಾಡಿಕೊಡುತ್ತದೆ ಎಂದು ಓದತೊಡಗಿದಳು. "ಇಂಜಿನ್ ಫೇಲ್ ಆದ್ರೆ..."

"ಬಿಡ್ತು ಅನ್ನು!" ಎಂದರು ಅಕ್ಕ.

ಹುಡುಗಿ ತಬ್ಬಿಬ್ಬಾದಳು. "ಏನಜ್ಜಿ?"

"ಬಿಡ್ತು ಅನ್ನಮ್ಮ. ಓಡಾಡೋ ಗಾಡಿಗೆ ಅಂಥ ಮಾತಾಡಬಾರ್ದು." ಅಕ್ಕನ ಲೋಕದಲ್ಲಿ ಕೆಟ್ಟ ಮಾತು ಬಾಯಿಂದ ಬಿದ್ದರೆ ಅದು ನೆಲಕ್ಕೆ ತಾಗುವ ಮೊದಲೇ ಬಿಡ್ತು ಎಂದು ಹಿಂದಕ್ಕೆ ತೆಗೆದುಕೊಳ್ಳಬೇಕು. ಹುಡುಗಿ ಮೆಲ್ಲಗೆ "ಬಿಡ್ತು" ಎಂದು ಮುಂದೆ ಓದಿದಳು. ಗೇರ್‌ಬಾಕ್ಸ್ ಜಾಮ್ ಆದರೆ. "ಬಿಡ್ತು ಅನ್ನು." ಸ್ಟೀರಿಂಗ್ ಬಿಗಿ ಹಿಡಿದರೆ. "ಬಿಡ್ತು ಅನ್ನು ಅಂದ್ನಲ್ಲ!" ಪಟ್ಟಿ ಮುಗಿಯುತ್ತಾ ಬರುವ ಹೊತ್ತಿಗೆ ಹುಡುಗಿಯೇ "ಎಸಿ ಕೆಟ್ರೆ ಬಿಡ್ತು, ಮೋಟರ್ ಸುಟ್ರೆ ಬಿಡ್ತು" ಎಂದು ಒಂದೇ ಉಸಿರಿನಲ್ಲಿ ಹೇಳಿಕೊಂಡು ಹೋಗುತ್ತಿದ್ದಳು. ಪಕ್ಕದ ಮೇಜಿನವರು ಕಂಪ್ಯೂಟರಿನ ಹಿಂದೆ ಮುಖ ಬಚ್ಚಿಟ್ಟುಕೊಂಡು ನಗುತ್ತಿದ್ದರು. "ಒಳ್ಳೆ ಮನೆ ಹುಡ್ಗಿ" ಎಂದು ಅಕ್ಕ ಸರ್ಟಿಫಿಕೇಟ್ ಕೊಟ್ಟರು.

ಇವರು ಮುಂದಕ್ಕೆ ಬಾಗಿ ಕೇಳಿದರು: "ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಟೈರು?"

"ಅದೆಲ್ಲ ಬರಲ್ಲ ಸರ್. ಸವೆಯೋ ಐಟಮ್ಸ್ ಅಲ್ವಾ. ಸವೆತಕ್ಕೆ ವಾರಂಟಿ ಇಲ್ಲ."

"ಸವೆತಕ್ಕೆ ಇಲ್ಲ" ಎಂದರು ಇವರು, ತಮ್ಮಷ್ಟಕ್ಕೇ. ಆಮೇಲೆ ಮತ್ತೊಂದು ಕೇಳಿದರು. "ಇದನ್ನ ಗಾಡಿಗ್ ಕೊಡ್ತೀರೋ, ಓಡ್ಸೋನಿಗೋ?"

"ಗಾಡಿಗೆ ಸರ್. ಯಾರು ಓಡಿಸಿದ್ರೂ ನಡೆಯುತ್ತೆ."

ಇವರು ಎದ್ದು, "ನಾಳಿದ್ದು ಹೇಳ್ತೀನಮ್ಮ" ಎಂದು ಹೊರಗೆ ನಡೆದರು.

ಮಾರನೆಯ ಬೆಳಿಗ್ಗೆ ಯಗಟಿಗೆ ಬಸ್ಸಿಗೆ ಹೋಗೋಣ ಎಂದೆ. "ಮನೆ ಮುಂದೆ ಗಾಡಿ ಇಟ್ಕೊಂಡು ಬಸ್ಸಿಗಾ?" ಎಂದರು ಅಕ್ಕ. ಅವರಿಗೆ ಏನೆಂದು ಹೇಳಲಿ? ಇವರು ಆಗಲೇ ಬಲಗಡೆ ಕೂತು ಕಿಟಕಿ ಇಳಿಸುತ್ತಿದ್ದರು. ಬಿಸಿಲಿರಲಿ ಧೂಳಿರಲಿ, ಬಲಗಡೆಯ ಗಾಜನ್ನು ಕೆಳಗಿಳಿಸಿಯೇ ಓಡಿಸುವುದು ಬಸ್ಸಿನ ಕಾಲದ ಅಭ್ಯಾಸ. ನಾನು ಲೈಸೆನ್ಸನ್ನು ಡಬ್ಬಿಯಿಂದ ತೆಗೆದು ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ಎಡಗಡೆ ಕೂತೆ. ಯಾಕೆ ತೆಗೆದೆ ಎಂದು ಕೇಳಿದ್ದರೆ ಆಗ ಹೇಳಲು ಬರುತ್ತಿರಲಿಲ್ಲ.

ಊರು ದಾಟಿದ ಮೇಲೆ ಎರಡೂ ಕಡೆ ಕೊಯ್ದ ರಾಗಿ ಹೊಲ, ನಡುನಡುವೆ ತೆಂಗು. ನಾನು ಇವರ ಎಡಗಣ್ಣಾದೆ. "ಎಡಗಡೆ ಸ್ಕೂಟ್ರು ಬತ್ತೈತೆ. ಎಡಗಡೆ ಹಸ. ಎಡಗಡೆ ಒಬ್ಬಜ್ಜ ದಾಟ್ತಾರೆ ನಿಧಾನ." ಹಿಂದೆ ಕೂತ ಅಕ್ಕನಿಗೆ ತಡೆಯಲಾಗಲಿಲ್ಲ. "ಏನೇ ಇದು, ನಿನ್ನೇನು ಕಂಡಕ್ಟ್ರು ಕೆಲ್ಸಕ್ಕೆ ಇಟ್ಕೊಂಡವ್ನಾ ನನ್ನ ತಮ್ಮ?" ಎಂದರು. ಇವರು ನಕ್ಕರು. ನಾನು ಎಡಗಡೆಯಿಂದ ಕಣ್ಣು ಕೀಳಲಿಲ್ಲ.

ಕುರಿಗಳು ಬಂದದ್ದು ಬಲಗಡೆಯಿಂದ.

ಒಂದು ಜಾಲಿ ಪೊದೆಯ ಹಿಂದಿನಿಂದ ಮುಂದಾಳು ಟಗರು ರಸ್ತೆಗೆ ಕಾಲಿಟ್ಟಿತ್ತು. ನಾನು ತಿರುಗಿದಾಗ ಅದು ಬಾನೆಟ್ಟಿನ ಮೂಲೆಗೆ ಬಂದಾಗಿತ್ತು, ಕಿರುಚುವುದಕ್ಕೂ ಹೊತ್ತಿರಲಿಲ್ಲ. ಇವರ ಕಣ್ಣು ನೇರ ರಸ್ತೆಯ ಮೇಲೇ ಇತ್ತು. ತಲೆ ಮಾತ್ರ ಕಿಟಕಿಯ ಕಡೆ ಒಂದಿಷ್ಟು ವಾಲಿತು. ಕಾಲು ಬ್ರೇಕಿನ ಮೇಲೆ ಇಳಿಯಿತು. ಕಾರು ಮುಗ್ಗರಿಸದೆ, ಕೀರಲಿಡದೆ ನಿಂತಿತು. ಅಕ್ಕನ ಮಡಿಲಲ್ಲಿದ್ದ ತೆಂಗಿನಕಾಯಿ ಕೂಡ ಅಲ್ಲೇ ಇತ್ತು. ಟಗರಿನ ಕೊರಳಲ್ಲಿ ಒಂದು ಗಂಟೆ ಇದೆ ಎಂದು ನಾನು ಗಮನಿಸಿದ್ದು ಆಮೇಲೆ.

ಹಿಂದೆ ಇಡೀ ಮಂದೆ ಬಂತು. ಬಾನೆಟ್ಟಿನ ಎರಡೂ ಕಡೆ ಕವಲೊಡೆದು, ನಮ್ಮನ್ನು ನಡುವೆ ಬಿಟ್ಟು, ಹಿಂದುಗಡೆ ಮತ್ತೆ ಒಂದಾಗಿ ಹರಿಯಿತು. ಗೊರಸಿನ ಸದ್ದು, ಉಣ್ಣೆ ತಗಡಿಗೆ ಉಜ್ಜುವ ಸದ್ದು. ತೆರೆದ ಕಿಟಕಿಯಿಂದ ಬೆಚ್ಚಗಿನ ವಾಸನೆ. ಕತ್ತೆತ್ತಿದ ಒಂದು ಕುರಿಯ ಉಸಿರು ತಗುಲಿ ನನ್ನ ಪಕ್ಕದ ಗಾಜಿನ ಮೇಲೆ ಮಬ್ಬು ಕೂತಿತು. ನನಗೆ ಎಂಥ ಚೆಂದ ಎನ್ನಿಸಿತು. ಇಷ್ಟೂ ಜೀವಗಳು ಈಗ ನಡೆದುಕೊಂಡು ಹೋಗುತ್ತಿವೆಯಲ್ಲ.

ಕೊನೆಯಲ್ಲಿ ಕುರಿ ಕಾಯುವವನು ಬಂದ, ಕಂಬಳಿ ಹೆಗಲಿಗೆ ಹಾಕಿಕೊಂಡು. ಬೈಯುತ್ತಾನೆ ಎಂದುಕೊಂಡೆ. ಅವನು ಕಿಟಕಿಯ ಹತ್ತಿರ ಬಗ್ಗಿ, "ಒಳ್ಳೆ ಟೈಮಿಗ್ ಹಿಡಿದ್ರಿ ಯಜಮಾನ್ರೇ. ಪಳಗಿದ ಕೈ" ಎಂದು ಕೈ ಮುಗಿದು ಹೋದ.

ಅಷ್ಟಕ್ಕೇ ಬಿಟ್ಟಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕ ಆಗಲೇ "ನನ್ನ ತಮ್ಮ ಅಂದ್ರೆ ಏನಂದ್ಕೊಂಡೆ" ಎಂದು ಶುರುಮಾಡಿದ್ದರು. ಹೊಗಳಿಕೆ ಕೈಗೇ ಬಂದಿತ್ತು, ಜೇಬಿಗೆ ಹಾಕಿಕೊಂಡು ಮುಂದೆ ಹೋಗಬಹುದಿತ್ತು. ಇವರು ಇಂಜಿನ್ ನಿಲ್ಲಿಸಿದರು. ಎರಡೂ ಕೈ ಸ್ಟೀರಿಂಗ್ ಮೇಲೇ ಇದ್ದವು.

"ನಾನ್ ನೋಡ್ಲಿಲ್ಲ ಕಣೇ" ಎಂದರು. "ಗಂಟೆ ಕೇಳಿಸ್ತು, ಅಷ್ಟೆ." ಆಮೇಲೆ ಕನ್ನಡಿಯಲ್ಲಿ ಅಕ್ಕನ ಮುಖ ನೋಡಿ, "ಅಕ್ಕಾ, ನಂಗೆ ಪಕ್ಕದ್ದು ಕಾಣಲ್ಲ. ಡಾಕ್ಟ್ರು ಬಿಡು ಅಂದಿದ್ರು. ಬಿಟ್ಟಿರ್ಲಿಲ್ಲ" ಎಂದರು.

ಅಕ್ಕ ಮಡಿಲಲ್ಲಿದ್ದ ತೆಂಗಿನಕಾಯಿಯನ್ನು ಸೀಟಿನ ಮೇಲಿಟ್ಟು ಮುಂದಕ್ಕೆ ಬಾಗಿದರು. "ಅಮ್ಮಂಗೂ ಹಿಂಗೇ ಆಗಿತ್ತು ಕಣೋ" ಎಂದರು ಅಕ್ಕ. "ನೀನು ಚಿಕ್ಕೋನು, ನಿಂಗೆ ಗೊತ್ತಾಗ್ದಂಗೆ ಇದ್ಲು."

ಇವರು ಬಾಗಿಲು ತೆರೆದು ಇಳಿದರು. ಕಾರಿನ ಮುಂದುಗಡೆಯಿಂದ, ಬಾನೆಟ್ಟಿನ ಮೇಲೆ ಅಂಗೈ ಎಳೆಯುತ್ತಾ ಸುತ್ತಿ ನನ್ನ ಬಾಗಿಲಿಗೆ ಬಂದು ನಿಂತರು. ಬಾಗಿಲನ್ನು ತೆರೆದು ಹಿಡಿದರು, ಅಷ್ಟೆ. ನಾನು ಜಗಳವಾಡಿ, ಕೀ ಹೂತಿಟ್ಟು ಮಾಡಲಾಗದ್ದನ್ನು ಅವರು ತಾವಾಗಿಯೇ, ನಾಲ್ಕು ಹೆಜ್ಜೆ ನಡೆದು, ಮಾಡಿದ್ದರು. ಅಮೃತಾಪುರದ ಕಂಬದ ಮುಂದೆ ನಿಂತಾಗಲೂ ನನಗೆ ಇಷ್ಟು ಬೆರಗಾಗಿರಲಿಲ್ಲ. ದೊಡ್ಡವರು ಎನ್ನುತ್ತೇವಲ್ಲ, ಆ ಮಾತು ಯಾರಿಗೆ ಸಲ್ಲುತ್ತದೆ ಎಂದು ನನಗೆ ಆ ಬಿಸಿಲಿನಲ್ಲಿ ಗೊತ್ತಾಯಿತು.

ಬಲಗಡೆ ಕೂತು ಸೀಟು ಮುಂದಕ್ಕೆ ಎಳೆದುಕೊಂಡೆ. ಮೊದಲ ಸಲ ಇಂಜಿನ್ ಆಫ್ ಆಯಿತು. ಎರಡನೆಯ ಸಲವೂ. ಅಕ್ಕ ಹಿಂದಿನಿಂದ ಮನೆದೇವರನ್ನು ಕರೆಯತೊಡಗಿದರು. ಇವರಿಂದ ಮಾತು ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಮೂರನೆಯ ಸಲ ಕಾರು ಹೊರಟಿತು.

ಆಮೇಲೆ ಮಾತು ಬಂತು, ಆದರೆ ಅದು ಬೇರೆಯೇ ಮಾತು. "ಮುಂದೆ ಒಂದು ಮೋರಿ. ಅದಾದ್ಮೇಲೆ ರಸ್ತೆ ಎಡಕ್ಕೆ ಬಾಗ್ತದೆ." ತಿರುಗಿ ನೋಡಿದರೆ ಇವರು ಸೀಟಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಾರೆ. ಮೋರಿ ಬಂತು. ರಸ್ತೆ ಬಾಗಿತು. "ಈಗ ಹೊಸ ಡಾಂಬರು ಬಂತು ನೋಡು, ಟೈರಿನ ಸದ್ದು ಸಣ್ಣಗಾಯ್ತು. ಇನ್ನು ಸ್ವಲ್ಪಕ್ಕೆ ಬಲಗಡೆ ಸ್ಕೂಲು, ಮಕ್ಕಳು ಓಡಿ ಬತ್ತವೆ, ನಿಧಾನ." ಸ್ಕೂಲು ಬಂತು. ಇಡೀ ರಸ್ತೆ ಇವರ ಮೈಯೊಳಗೆ ಇತ್ತು. ಯಾವ ಯಂತ್ರದ ಬೋಗುಣಿಯೂ ಅದನ್ನು ಅಳೆದಿರಲಿಲ್ಲ. ಯಗಟಿಗೆ ಹೋಗಿ, ಮಗುವಿನ ಕಿವಿಯಲ್ಲಿ ಹೆಸರು ಹೇಳಿ, ಹೋಳಿಗೆ ಉಂಡು ಮನೆಗೆ ಬರುವ ತನಕ ನನ್ನ ಕ್ಲಚ್ಚಿನ ಬಗ್ಗೆ ಅವರು ಒಂದೇ ಒಂದು ಮಾತಾಡಲಿಲ್ಲ. ಗೇರ್ ಅತ್ತಿದ್ದು ನನಗೇ ಕೇಳಿಸಿತ್ತು.

ಮಾರನೆಯ ದಿನ ಅಕ್ಕನನ್ನು ಅಜ್ಜಂಪುರದ ಬಸ್ಸು ಹತ್ತಿಸಿ ನೇರ ಸರ್ವಿಸ್ ಸೆಂಟರಿಗೆ ಹೋದೆವು. ಓಡಿಸಿದ್ದು ನಾನೇ. ಹುಡುಗಿ ಎದ್ದು ಬಂದು, "ಏನ್ ಡಿಸೈಡ್ ಮಾಡಿದ್ರಿ ಸರ್?" ಎಂದಳು.

"ನನ್ನ ಕೇಳ್ಬೇಡಮ್ಮ" ಎಂದರು ಇವರು. "ಇಷ್ಟು ದಿನ ನನ್ನ ಕೈ ಇತ್ತು, ನಿಮ್ಮ ಕಾಗದ ಬೇಕಿರ್ಲಿಲ್ಲ. ಈಗ ಡ್ರೈವರ್ ಹೊಸಬ್ರು. ಅವ್ರನ್ನೇ ಕೇಳು."

ಹುಡುಗಿ ನನ್ನ ಕಡೆ ತಿರುಗಿದಳು. ಹೊಸಬರು ಎಂದದ್ದಕ್ಕೆ ನಾನು ಇವರನ್ನು ದುರುಗುಟ್ಟಿ ನೋಡಬೇಕೆಂದುಕೊಂಡೆ, ಆಗಲಿಲ್ಲ. ಗೇರ್‌ಬಾಕ್ಸಿನ ಯೋಚನೆ ನನಗೆ ಆಗಲೂ ಇರಲಿಲ್ಲ. ನನಗೆ ಬೇಕಿದ್ದದ್ದು ಅವಳು ಮೊದಲ ದಿನ ಫೋನಿನಲ್ಲಿ ಹೇಳಿದ ಆ ಮಾತು, ಇನ್ನೂ ಎರಡು ವರ್ಷ. ಇದೇ ಗಾಡಿ, ಇದೇ ದಾರಿಗಳು, ಎಡಗಡೆ ಇವರು.

"ಕೊಡಮ್ಮ" ಎಂದೆ. "ಯಾವುದೂ ಕೆಡಲ್ಲ, ಆದ್ರೂ ಕೊಡು." ಹುಡುಗಿ "ಬಿಡ್ತು" ಎಂದು ನಕ್ಕಳು.

ಕೆಲಸ ಮುಗಿಸಿ ಹೊರಗೆ ಬಂದರೆ ಅಂಗಳದ ತುಂಬ ಗಾಡಿಗಳು. ನಮ್ಮದನ್ನು ಹಿಂದಕ್ಕೆ ತೆಗೆಯದೆ ದಾರಿಯಿಲ್ಲ, ಹಿಂದೆ ಚರಂಡಿ. ಗಾಡಿಯಲ್ಲಿ ಹಿಂದೆ ನೋಡುವ ಕ್ಯಾಮರಾ ಇದೆ. ಅದರ ಪರದೆ ಹೊತ್ತಿಕೊಂಡಾಗ ಅದರಲ್ಲಿ ಚರಂಡಿ ಕಾಣಲಿಲ್ಲ, ಇವರ ಅಂಗಿ ಕಂಡಿತು. ಯಾವಾಗ ಇಳಿದು ಹಿಂದೆ ಹೋಗಿದ್ದರೋ, ಗಾಡಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದರು. ಸರ್ವೀಸು ಪೂರ್ತಿ ಬೇರೆಯವರ ತಟ್ಟು ಕೇಳಿದವರು, ಈಗ ತಾವು ತಟ್ಟತೊಡಗಿದರು. ಟಪ್, ಟಪ್, ಟಪ್.

ನಾನು ಪರದೆ ನೋಡುವುದನ್ನು ಬಿಟ್ಟೆ. ಪಕ್ಕದ್ದನ್ನು ಎರಡು ಕನ್ನಡಿಗಳಲ್ಲಿ ನಾನು ನೋಡಿಕೊಂಡೆ, ಹಿಂದಿನದನ್ನು ಆ ಕೈಗೆ ಬಿಟ್ಟೆ. ಟಪ್, ಟಪ್ ಎಂದು ಬರುತ್ತಲೇ ಇತ್ತು, ನಾನೂ ಹಿಂದಕ್ಕೆ ಬರುತ್ತಲೇ ಇದ್ದೆ. ಒಂದು ಜೋರು ಏಟು ಬಿತ್ತು. ನಿಂತೆ.

ಅವರು ಬಂದು ಎಡಗಡೆ ಕೂತು ಬಾಗಿಲು ಹಾಕಿಕೊಂಡರು. ಕಿಟಕಿಯಿಂದ ಕೈ ಹೊರಗೆ ಚಾಚಿ ಬಾಗಿಲಿನ ತಗಡನ್ನು ತಟ್ಟಿದರು. ಒಂದು. ಎರಡು.

ನಾನು ಅವರನ್ನೇ ನೋಡುತ್ತಾ ಕೂತಿದ್ದೆ.

"ಬಾಯ್ ಮುಚ್ಕೊಂಡು ಗಾಡಿ ಬಿಡೇ" ಎಂದರು.

ಬಿಟ್ಟೆ.